ದಾನ ಬೇರೆ, ಬಾಕಿ ಬೇರೆ

ಕೆಲಸ ಕೊಡೋನು ಅನ್ನದಾತ. ಅವನ ಮೇಲೆ ತೆರಿಗೆ ಹಾಕಿದರೆ ಕೂಲಿಯವನ ಹೊಟ್ಟೆಗೇ ಕಲ್ಲು ಬೀಳುತ್ತದೆ. ಈ ಮಾತನ್ನು ನಮ್ಮ ಊರುಗಳ ಧಣಿಗಳು ಎಷ್ಟು ತಲೆಮಾರಿನಿಂದ ಹೇಳುತ್ತ ಬಂದಿದ್ದಾರೋ ಲೆಕ್ಕವಿಲ್ಲ. 2018ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಇದೇ ಮಾತನ್ನು ಜಗತ್ತಿನ ದೊಡ್ಡ ಕಂಪನಿಗಳು ಆಡಿದವು. ಹಾಗಾಗಿ ಆ ದೂರದ ಜಗಳ ನಮಗೂ ಸಂಬಂಧಪಟ್ಟದ್ದೇ.

ಆ ವರ್ಷದ ಜನವರಿಯಲ್ಲಿ ಎಣಿಸಿದಾಗ ಸಿಯಾಟಲ್ ಸೇರಿದ ಕಿಂಗ್ ಕೌಂಟಿಯಲ್ಲಿ ಮನೆಯಿಲ್ಲದವರು 12,112 ಮಂದಿ. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕೆ ತಂಗುದಾಣವೂ ಇಲ್ಲ. ಡೇರೆ, ಹಳೇ ಕಾರು, ರಸ್ತೆಯ ಬದಿಯೇ ಗತಿ. ಅದೇ ಊರಿನಲ್ಲಿ ಅಮೆಜಾನ್ ಕಂಪನಿಯೊಂದಕ್ಕೇ ಸುಮಾರು 45,000 ನೌಕರರು. ದೊಡ್ಡ ಸಂಬಳದವರು ಬಂದಂತೆಲ್ಲ ಬಾಡಿಗೆ ಏರಿತು. ಏರಿದ ಬಾಡಿಗೆ ಕಟ್ಟಲಾರದವರು ಎಲ್ಲಿಗೆ ಹೋಗಬೇಕು?

ಮೇ 14ರಂದು ನಗರಸಭೆಯ ಒಂಬತ್ತೂ ಸದಸ್ಯರು ಒಮ್ಮತದಿಂದ ಒಂದು ತೆರಿಗೆ ಹಾಕಿದರು. ಊರಿನಲ್ಲಿ ವರ್ಷಕ್ಕೆ ಎರಡು ಕೋಟಿ ಡಾಲರ್‌ಗಿಂತ ಹೆಚ್ಚು ವಹಿವಾಟು ಮಾಡುವ ಕಂಪನಿ ಒಬ್ಬ ನೌಕರನಿಗೆ ವರ್ಷಕ್ಕೆ 275 ಡಾಲರ್ ಕಟ್ಟಬೇಕು. ಆ ಹಣ ಬಡವರ ಮನೆಗಳಿಗೆ, ಮನೆಯಿಲ್ಲದವರ ಸೇವೆಗೆ. ಮೊದಲು ಯೋಚಿಸಿದ್ದು 500 ಡಾಲರ್. ಅಮೆಜಾನ್ ತನ್ನ ಹೊಸ ಕಟ್ಟಡವೊಂದರ ಯೋಜನೆ ನಿಲ್ಲಿಸಿ ಹೆದರಿಸಿದ ಮೇಲೆ ಅದು ಇಳಿಯಿತು. ನಾವೇ ಲೆಕ್ಕ ಹಾಕಿ ನೋಡೋಣ. ಅಮೆಜಾನಿನ ಪಾಲಿಗೆ ಬರುತ್ತಿದ್ದದ್ದು ಸುಮಾರು ಒಂದೂಕಾಲು ಕೋಟಿ ಡಾಲರ್. ಆ ವರ್ಷ ಅದರ ಲಾಭ ಸಾವಿರ ಕೋಟಿ ಡಾಲರ್. ಸಾವಿರಕ್ಕೆ ಒಂದೂಕಾಲು! ಅಷ್ಟಕ್ಕೇ ಈ ಬೊಬ್ಬೆ.

ಕಂಪನಿಗಳು ಕೂಡಿ ಹಣ ಸುರಿದವು. ತೆರಿಗೆಯನ್ನು ಜನರ ಮತಕ್ಕೆ ಹಾಕಿಸಲು ಸಹಿ ಸಂಗ್ರಹ ಹೊರಟಿತು. ಜೂನ್ 12ರಂದು, ಇನ್ನೂ ತಿಂಗಳು ತುಂಬುವ ಮೊದಲೇ, ಅದೇ ನಗರಸಭೆ 7-2 ಮತಗಳಿಂದ ತೆರಿಗೆ ರದ್ದು ಮಾಡಿತು. ರದ್ದತಿಗೆ ಬೇಡವೆಂದ ಇಬ್ಬರು ತೆರೇಸಾ ಮೊಸ್ಕೇಡಾ ಮತ್ತು ಕ್ಷಮಾ ಸಾವಂತ್. (ಪುಣೆಯಲ್ಲಿ ಹುಟ್ಟಿದ ಈ ಸಾವಂತರೇ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸುವ ಕಾನೂನು ತಂದರು, ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಇಲ್ಲಿಂದ ಹೋದವರು ಪೆಟ್ಟಿಗೆಯಲ್ಲಿ ಏನೇನು ಕಟ್ಟಿಕೊಂಡು ಹೋಗಿದ್ದರೋ!)

ನಮ್ಮನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಸಾವಂತರು ಅಮೆಜಾನ್ ಕಚೇರಿಯ ಎದುರು ಸಭೆ ಮಾಡಿದಾಗ ತೆರಿಗೆ ಬೇಡವೆಂದು ಕೂಗಿ ಅವರ ಮಾತು ಅಡಗಿಸಿದವರು ಧಣಿಗಳಲ್ಲ, ಕಟ್ಟಡ ಕಟ್ಟುವ ಕಬ್ಬಿಣದ ಕೆಲಸದವರು. ಅವರನ್ನು ಬೈಯುವುದು ಸುಲಭ. ಕಟ್ಟಡ ನಿಂತರೆ ಅವರ ಒಲೆಯೂ ನಿಲ್ಲುತ್ತದೆ; ಆ ಭಯ ಸುಳ್ಳಲ್ಲ. ಆದರೆ ಕೆಲಸವಿದ್ದವನನ್ನು ಸೂರಿಲ್ಲದವನ ಮೇಲೆ ಛೂ ಬಿಡುವ ಶಕ್ತಿ ಯಾರ ಕೈಯಲ್ಲಿದೆಯೋ ಅವನನ್ನು ಅನ್ನದಾತ ಅನ್ನಬಹುದೆ?

ನಗರಸಭೆ ಹಣವನ್ನು ಸರಿಯಾಗಿ ಖರ್ಚು ಮಾಡುತ್ತಿಲ್ಲ ಅನ್ನುವುದು ಕಂಪನಿಗಳ ಇನ್ನೊಂದು ವಾದ. ಲೆಕ್ಕ ಕೇಳಲಿ, ಬೇಡ ಅಂದವರ್ಯಾರು? ಲೆಕ್ಕ ಕೇಳುವುದು ಒಂದು, ಕೊಡುವುದೇ ಇಲ್ಲ ಅನ್ನುವುದು ಇನ್ನೊಂದು.

ತೆರಿಗೆ ಸತ್ತ ಮೂರು ತಿಂಗಳಿಗೆ, ಸೆಪ್ಟೆಂಬರಿನಲ್ಲಿ, ಅಮೆಜಾನಿನ ಜೆಫ್ ಬೆಜೋಸ್ ಇನ್ನೂರು ಕೋಟಿ ಡಾಲರಿನ ದಾನ ಘೋಷಿಸಿದ: ಮನೆಯಿಲ್ಲದ ಕುಟುಂಬಗಳಿಗೆ, ಮಕ್ಕಳ ಶಾಲೆಗಳಿಗೆ. ತೆರಿಗೆಗಿಂತ ಎಷ್ಟೋ ಪಟ್ಟು ದೊಡ್ಡ ಮೊತ್ತ. ಹಾಗಾದರೆ ಕೊರತೆ ದುಡ್ಡಿನದಲ್ಲ. ಹಬ್ಬದ ದಿನ ಧಣಿಯ ಹಿತ್ತಲಲ್ಲಿ ಸೆರಗೊಡ್ಡಿ ಪಡೆದ ಅನ್ನಕ್ಕೂ ಕಣದಲ್ಲಿ ಅಳೆಸಿಕೊಂಡು ತಂದ ಕೂಲಿಗೂ ಏನು ವ್ಯತ್ಯಾಸವೆಂದು ನಮ್ಮ ಕೇರಿಯ ಮುದುಕಿಯರನ್ನು ಕೇಳಿ. ದಾನದಲ್ಲಿ ಎಷ್ಟು, ಯಾರಿಗೆ, ಎಂದಿಗೆ ಅನ್ನುವುದು ಕೊಡೋನ ಮರ್ಜಿ; ಪಡೆದವನು ಕೈ ಮುಗಿಯಬೇಕು. ಬಾಕಿ ವಸೂಲಿಗೆ ಯಾರೂ ಕೈ ಮುಗಿಯುವುದಿಲ್ಲ.

2020ರ ಜುಲೈನಲ್ಲಿ ಮೊಸ್ಕೇಡಾ ಮುಂದಿಟ್ಟ ಹೊಸ ತೆರಿಗೆ ಅದೇ 7-2 ಮತಗಳಿಂದ ಗೆದ್ದಿತು. ಈ ಸಲ ತಲೆ ಎಣಿಸಲಿಲ್ಲ. ದೊಡ್ಡ ಕಂಪನಿಗಳು ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಮತ್ತು ಅದಕ್ಕಿಂತ ಹೆಚ್ಚು ಕೊಡುವ ಸಂಬಳಗಳ ಮೇಲೆ ಹಾಕಿದರು. ಅಷ್ಟರಲ್ಲಿ ಡೇರೆಗಳ ಮೇಲೆ ಎರಡು ಚಳಿಗಾಲ ಕಳೆದಿದ್ದವು.