ಯಾರೂ ಇಲ್ಲದ ಜಾಗ

‘ಅಲ್ಲಿ ಯಾರೂ ಇರುವುದಿಲ್ಲ’ ಎಂಬ ಮಾತು ಈಗ ಒಂದು ಜಾಗದ ಹೊಗಳಿಕೆಯಾಗಿಬಿಟ್ಟಿದೆ. ಊಟಿಯಲ್ಲಿ ಜನಜಂಗುಳಿ, ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಾರುಗಳ ಸಾಲು. ಹಾಗಾಗಿ ಡಿಕ್ಕಿಯಲ್ಲಿ ಟೆಂಟು, ಗ್ಯಾಸ್ ಸ್ಟವ್ ತುಂಬಿಕೊಂಡು, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಯಾರೂ ಹೆಸರು ಕೇಳಿರದ ಬೆಟ್ಟಗಳನ್ನು ಹುಡುಕಿ ಹೊರಡುವ ಕುಟುಂಬಗಳು ಹೆಚ್ಚಿವೆ. ಮುಸ್ಲಿಮರ ಮನೆಗಳಲ್ಲೂ ಇದು ಶುರುವಾಗಿದೆ. ಮೊದಲೆಲ್ಲ ನಮ್ಮ ಪ್ರಯಾಣವೆಂದರೆ ಮದುವೆ, ಮಯ್ಯತ್ತು, ಉರುಸು ಇಷ್ಟೇ ಆಗಿತ್ತು. ಈಗ ಹೆಣ್ಣುಮಕ್ಕಳೂ ಬೆಟ್ಟ ಹತ್ತಿ ಗಾಳಿಗೆ ಮುಖವೊಡ್ಡುತ್ತಿದ್ದಾರೆ ಎಂದರೆ ಸಂತೋಷಪಡಬೇಕಾದ ವಿಷಯವೇ. ನನ್ನ ತಕರಾರು ಪ್ರವಾಸದ ಬಗ್ಗೆ ಅಲ್ಲ, ಆ ಒಂದು ಮಾತಿನ ಬಗ್ಗೆ. ಒಂದು ಜಾಗದಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸುವವರು ಯಾರು? ಎಷ್ಟು ಹೊತ್ತು ನೋಡಿ ತೀರ್ಮಾನಿಸುತ್ತಾರೆ?

ಚಳ್ಳಕೆರೆ ಸೀಮೆಯವರಿಗೆ ಇದು ಬರೀ ತರ್ಕದ ಪ್ರಶ್ನೆಯಲ್ಲ. ಹೊರಗಿನವರಿಗೆ ನಮ್ಮ ಊರು ಗೊತ್ತಿರುವುದು ಶೇಂಗಾ, ಎಣ್ಣೆ ಮಿಲ್ಲು, ಕಂಬಳಿಗಳಿಂದ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬಿದ್ದರೆ ದೊಡ್ಡದು. ಕಂದಾಯದ ಕಾಗದಗಳಲ್ಲಿ ಬೇಸಾಯಕ್ಕೆ ಒದಗದ ನೆಲಕ್ಕೆ ‘ಖರಾಬು’ ಎಂದು ಬರೆಯುತ್ತಾರೆ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನನಗೆ ಪಹಣಿಯಲ್ಲಿ ಈ ಪದ ಕಂಡಾಗಲೆಲ್ಲ ಕಸಿವಿಸಿಯಾಗುತ್ತದೆ. ಖರಾಬ್ ಎಂದರೆ ಕೆಟ್ಟದ್ದು, ಹಾಳಾದದ್ದು. ನೇಗಿಲು ಇಳಿಯದ ನೆಲವೆಲ್ಲ ಹಾಳು ನೆಲ ಎಂದು ಯಾವ ಗುಮಾಸ್ತನೋ ಎಂದೋ ತೀರ್ಪು ಬರೆದಿಟ್ಟಂತಿದೆ. ‘ಜಂಗಲ್’ ಪದದ ಕತೆ ಇನ್ನೂ ವಿಚಿತ್ರ. ಅದರ ಮೂಲವಾದ ‘ಜಾಂಗಲ’ಕ್ಕೆ ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ದಟ್ಟ ಕಾಡು ಎಂಬ ಅರ್ಥವಿಲ್ಲ. ಒಣ ಹವೆಯ, ಕುರುಚಲು ಗಿಡಗಳ, ಜಿಂಕೆಗಳು ಮೇಯುವ ಬಯಲು ಎಂದರ್ಥ. ಆ ಲೆಕ್ಕಕ್ಕೆ ನಿಜವಾದ ಜಂಗಲ್ ನಮ್ಮ ಚಳ್ಳಕೆರೆಯೇ!

ಈ ಬಯಲಿಗೆ ಜನ ಕೊಟ್ಟ ಹೆಸರು ಕಾವಲು. ಕಾದು ಉಳಿಸಿದ ಹುಲ್ಲುಗಾವಲು. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳನ್ನು ಹೈದರ್ ಅಲಿ ಹೆಚ್ಚಿಸಿದ, ಟಿಪ್ಪು ಅದಕ್ಕೆ ‘ಅಮೃತ್ ಮಹಲ್’ ಎಂದು ಹೆಸರಿಟ್ಟ. ಬೇಸಿಗೆಗೆ ಒಂದು ಕಾವಲು, ಮಳೆಗೆ ಒಂದು, ಚಳಿಗೆ ಒಂದು ಎಂದು ವಿಂಗಡಿಸಿ ದನ ಮೇಯಿಸುತ್ತಿದ್ದರು. ಒಂದು ಋತುವಿನಲ್ಲಿ ಖಾಲಿ ಕಾಣುವ ಕಾವಲು ಹಾಳುಬಿದ್ದದ್ದಲ್ಲ, ಮುಂದಿನ ಋತುವಿಗೆ ಹುಲ್ಲು ಬೆಳೆಸುತ್ತಿರುವ ನೆಲ. ಅಲ್ಲಿ ಟಿಟ್ಟಿಭ ಹಕ್ಕಿ ಗೂಡನ್ನೇ ಕಟ್ಟದೆ, ಹರಳು ಕಲ್ಲಿನ ಬಣ್ಣದ ಮೊಟ್ಟೆಗಳನ್ನು ಬರೀ ನೆಲದ ಮೇಲಿಡುತ್ತದೆ. ಎರಡು ಮಾರು ದೂರದಲ್ಲಿ ನಿಂತರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ.

2008ರಿಂದೀಚೆಗೆ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳಲ್ಲಿ ಸುಮಾರು 10,000 ಎಕರೆ ನೆಲ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋಗಳ ಪಾಲಾಯಿತು. 2017ರಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ದೇಶಕ್ಕೆ ವಿಜ್ಞಾನ ಬೇಡವೆಂದು ಹಳ್ಳಿಯವರಲ್ಲಿ ಯಾರೂ ಹೇಳಲಿಲ್ಲ. ಗೋಡೆ ಏಳುವಾಗ ಅವರು ಕೇಳಿದ್ದು ದನಕುರಿಗಳನ್ನು ಇನ್ನು ಎಲ್ಲಿಗೆ ಹೊಡೆಯೋಣ ಎಂದು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೂರದಲ್ಲಿ ಕೂತು ನಕ್ಷೆ ನೋಡಿದವರಿಗೆ ಅಲ್ಲಿ ಕುರಿಗಾಹಿಯೂ ಕಂಡಿರಲಿಲ್ಲ, ಕೃಷ್ಣಮೃಗವೂ ಕಂಡಿರಲಿಲ್ಲ.

ಒಂದು ರಾತ್ರಿಗೆ ಟೆಂಟು ಹೊಡೆದು ಹೋಗುವ ಸಂಸಾರವನ್ನು ಇದರ ಪಕ್ಕದಲ್ಲಿ ನಿಲ್ಲಿಸುವುದು ಅತಿಯಾಯಿತು ಎನ್ನುವಿರೇನೋ. ಪರಿಣಾಮದಲ್ಲಿ ಹೋಲಿಕೆಯಿಲ್ಲ, ಒಪ್ಪುತ್ತೇನೆ. ನೋಡುವ ಕಣ್ಣಿನಲ್ಲಿ ಇದೆ.

ಕಳೆದ ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ತಂಗಿಯ ಸಂಸಾರ ಟೆಂಟಿನ ಸಮೇತ ಬಂದಿಳಿಯಿತು. ಎರಡು ಕಾರುಗಳಲ್ಲಿ ಮೊಳಕಾಲ್ಮೂರಿನ ಕಡೆ ಹೊರಟೆವು. ತಳಕು (ತ.ರಾ.ಸು. ಹೆಸರಿನಲ್ಲಿರುವ ‘ತ’ ಇದೇ ಊರು), ಬಿ.ಜಿ. ಕೆರೆ, ಆಮೇಲೆ ಹಾನಗಲ್ ಕ್ರಾಸಿನಲ್ಲಿ ತಿರುವು. ಅಲ್ಲಿಂದ ಮುಂದೆ ನೆಲದ ರೂಪವೇ ಬದಲಾಗುತ್ತದೆ. ಯಾರೋ ಆಡುತ್ತಾ ಬಿಟ್ಟುಹೋದಂತೆ ಗುಂಡಿನ ಮೇಲೆ ಗುಂಡು ಪೇರಿಸಿದ ಬೆಟ್ಟಗಳು. ಜಟಾಯು ರಾವಣನ ಜೊತೆ ಹೋರಾಡಿ ಬಿದ್ದದ್ದು ಇಲ್ಲಿ ಎಂದು ಜನ ನಂಬುವ ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲುಗಳನ್ನು ಮಕ್ಕಳು ನಮಗಿಂತ ಮುಂದಾಗಿ ಹತ್ತಿದರು. ಹೆಣ್ಣೊಬ್ಬಳನ್ನು ಬಿಡಿಸಲು ಹೋಗಿ ಪ್ರಾಣ ಕೊಟ್ಟ ಹಕ್ಕಿಗೆ ಒಂದು ಬೆಟ್ಟವನ್ನೇ ಬಿಟ್ಟುಕೊಟ್ಟ ಜನರ ಮೇಲೆ ನನಗೆ ಗೌರವ.

ಇಲ್ಲಿ, ಸಿದ್ದಾಪುರದಲ್ಲಿ, ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಆದರೆ ಅದಕ್ಕೂ ಮುಂಚೆ ಆ ಬಂಡೆಗಳು ಅನಾಥವಾಗಿರಲಿಲ್ಲ. ಬ್ರಹ್ಮಗಿರಿಯದು ಅಕ್ಷರ ಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಅಲ್ಲೇ. ಸಿದ್ದಾಪುರದ ಬಂಡೆಗೆ ಒಬ್ಬ ಎಮ್ಮೆ ಕಾಯುವವನ ಹೆಸರು. ಈಗ ಜಾಲಿ ಬೆಳೆದಿರುವ ಬ್ರಹ್ಮಗಿರಿಯ ಬುಡದಲ್ಲಿ ಇಸಿಲ ಎಂಬ ಪಟ್ಟಣವಿತ್ತು. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು ನೋಡಿದರು. ತಂದೆತಾಯಿಗೆ ವಿಧೇಯರಾಗಿರಿ, ಜೀವಿಗಳ ವಿಷಯದಲ್ಲಿ ದಯೆ ಸಡಿಲವಾಗದಿರಲಿ, ನಿಜ ನುಡಿಯಿರಿ ಎಂಬ ತಾತ್ಪರ್ಯದ ಆ ಶಾಸನದ ಕೊನೆಗೆ 256 ಎಂಬ ಸಂಖ್ಯೆಯಿದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಹಲವು ವಿದ್ವಾಂಸರು ಓದುತ್ತಾರೆ. ಆ ಓದು ಸರಿಯಾದರೆ, ಮನೆಯಿಂದ ಹೊರಗೆ 256 ರಾತ್ರಿ ಮಲಗಿದವನೊಬ್ಬ ಹೇಳಿಸಿದ ಮಾತದು.

ಸಂಜೆ ಬೆಟ್ಟದ ಬುಡದಲ್ಲಿ ಗುಂಡುಗಳ ನಡುವೆ ಒಂದು ಸಮತಟ್ಟಾದ ಜಾಗ, ಪಕ್ಕದಲ್ಲೇ ನೀರಿನ ಹೊಂಡ. ತಂಗಿಯ ಗಂಡ ಟೆಂಟಿನ ಚೀಲ ಬಿಚ್ಚಿದ. ಕಂಬಳಿ ಹೊದ್ದ ಕುರಿಗಾಹಿ ಮುದುಕರೊಬ್ಬರು ಹತ್ತಿರ ಬಂದರು.

“ಇಲ್ಲಿ ಬ್ಯಾಡ್ರಿ ಸಾಬ್ರೇ.”

“ಯಾಕೆ ಯಜಮಾನ್ರೇ, ಯಾರದಾದ್ರೂ ಜಮೀನಾ ಇದು?” ಎಂದೆ.

“ಹಗಲೊತ್ತು ಯಾರ್ದೂ ಅಲ್ಲ. ರಾತ್ರಿ ಕರಡೀದು.”

ಈ ಗುಡ್ಡಗಳು ಕರಡಿಯ ಸೀಮೆ. ಹಗಲು ಗವಿಗಳಲ್ಲಿ ಮಲಗಿ, ಸಂಜೆಯಾದ ಮೇಲೆ ಗೆದ್ದಲು, ಇರುವೆ, ಹಣ್ಣು, ಜೇನು, ನೀರು ಹುಡುಕಿ ಇಳಿಯುತ್ತವೆ. ಮೂಗು ಬಹಳ ಚುರುಕು, ಕಣ್ಣು ಮಂದ. ಹಠಾತ್ತನೆ ಎದುರಾದವರ ಮೇಲೆ ಹೆದರಿಕೆಯಿಂದಲೇ ಎರಗುತ್ತವೆ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯಾದರೆ ಕೇಳುವುದೇ ಬೇಡ. ಮಾರನೆಯ ದಿನ ಪತ್ರಿಕೆಯಲ್ಲಿ ‘ಕರಡಿ ದಾಳಿ’ ಎಂದು ಅಚ್ಚಾಗುತ್ತದೆ. ಯಾರು ಯಾರ ದಾರಿಯಲ್ಲಿ ಮಲಗಿದ್ದರು ಎಂದು ಅಚ್ಚಾಗುವುದಿಲ್ಲ.

ಅಲ್ಲೇ ನಮ್ಮಿಬ್ಬರ ವಾದ ಶುರುವಾಯಿತು. “ಭಾಯಿ, ಹೀಗೆ ಎಲ್ಲದಕ್ಕೂ ಬೇಡ ಎಂದರೆ ಮಕ್ಕಳು ಕರಡಿಯನ್ನು ಮೊಬೈಲಿನಲ್ಲೇ ನೋಡಬೇಕು. ನೋಡದೇ ಇದ್ದದ್ದನ್ನು ಯಾರು ಪ್ರೀತಿಸುತ್ತಾರೆ? ನಾಳೆ ಈ ಬೆಟ್ಟಕ್ಕೂ ಗೋಡೆ ಬಂದರೆ ಬೇಡ ಎನ್ನುವವರು ಯಾರು?” ಎಂದು ಅವನು ಕೇಳಿದ. ಇದು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಕಾವಲುಗಳ ಪರ ದನಿಯೆತ್ತಿದವರಲ್ಲಿ ಅಲ್ಲಿ ನಡೆದಾಡಿದವರೇ ಹೆಚ್ಚು. ಮೀಸಲು ಅರಣ್ಯವಾದರೆ ಇಲಾಖೆಯ ಅನುಮತಿ ಬೇಕು, ಅದು ಕಾನೂನು. ಆದರೆ ಚೀಟಿ ಕೊಂಡ ಮಾತ್ರಕ್ಕೆ ನೈತಿಕ ಪ್ರಶ್ನೆ ಮುಗಿಯುವುದಿಲ್ಲ. ಉತ್ತರಕ್ಕೆ ಹೋದರೆ 1994ರಲ್ಲಿ ಸ್ಥಾಪನೆಯಾದ ದರೋಜಿ ಕರಡಿಧಾಮವಿದೆ. ಪ್ರವಾಸಿಗರು ಗೋಪುರದಿಂದ ನೋಡಲೆಂದು ಅಲ್ಲಿ ಬಂಡೆಗೆ ಸಿಹಿ ಸವರಿ ಕರಡಿಗಳನ್ನು ಕರೆಯುವ ವಾಡಿಕೆ ಬೆಳೆಯಿತು. ನಮಗೂ ಕ್ಷೇಮ, ಅವಕ್ಕೂ ಹೊಟ್ಟೆಗೆ ಸಿಕ್ಕಿತು. ಆದರೂ ಕರೆದಾಗ ಬರುವ ಕರಡಿಯನ್ನು ನೋಡಿ ಮಗು ಏನು ಕಲಿಯುತ್ತದೋ ನನಗೆ ಅನುಮಾನ.

ಅವನ ಇನ್ನೊಂದು ಪ್ರಶ್ನೆ ಹೆಚ್ಚು ಹರಿತವಾಗಿತ್ತು. “ಆ ಅಜ್ಜನೂ ಬಯಲಲ್ಲೇ ಮಲಗುತ್ತಾನಲ್ಲ? ಅವನಿಗೆ ಯಾವ ಪತ್ರವಿದೆ?” ಪತ್ರವಿಲ್ಲ, ನಿಜ. ಆದರೆ ಆತ ಮಂದೆ ನಿಲ್ಲಿಸುವುದು ಶೇಂಗಾ ಕಿತ್ತ ಹೊಲದಲ್ಲಿ, ಹೊಲದವನ ಜೊತೆ ಮಾತಾಡಿಕೊಂಡು. ಕುರಿಗೊಬ್ಬರ ಹೊಲಕ್ಕೆ, ದವಸವೋ ದುಡ್ಡೋ ಈತನಿಗೆ. ಅಲ್ಲಿ ಯಾರಿದ್ದಾರೆಂದು ಆತನಿಗೆ ಗೊತ್ತು.

ಪ್ರಯಾಣದ ಅದಬಿನ ಬಗ್ಗೆ ಸಹೀಹ್ ಮುಸ್ಲಿಮ್ ಹದೀಸ್ ಗ್ರಂಥದಲ್ಲಿ ಒಂದು ತಿಳಿವಳಿಕೆಯಿದೆ. ಹಸಿರು ಸೀಮೆಯಲ್ಲಿ ಹೋಗುವಾಗ ಒಂಟೆಗೆ ಅದರ ಪಾಲು ಮೇಯಲು ಬಿಡಬೇಕು. ರಾತ್ರಿ ತಂಗುವಾಗ ದಾರಿಯಿಂದ ಪಕ್ಕಕ್ಕೆ ಸರಿಯಬೇಕು, ಯಾಕೆಂದರೆ ಇರುಳಲ್ಲಿ ಅದು ಪ್ರಾಣಿಗಳ ದಾರಿ. ಇದನ್ನು ಬಾಲ್ಯದಲ್ಲಿ ಕೇಳಿದಾಗ ಹಾವುಚೇಳಿನಿಂದ ಪಾರಾಗುವ ಉಪಾಯವೆಂದಷ್ಟೇ ತಿಳಿದಿದ್ದೆವು. ಜೀವ ಉಳಿಸಿಕೊಳ್ಳುವ ಜಾಣತನವೂ ಅದರಲ್ಲಿದೆ. ಜೊತೆಗೆ, ಹಗಲು ನಾವು ನಡೆದ ದಾರಿ ರಾತ್ರಿ ನಮ್ಮದಲ್ಲ ಎಂಬ ಒಪ್ಪಿಗೆಯೂ ಇದೆ. ಪ್ರಯಾಣದಲ್ಲಿ ಸಂಗಡಿಗರು ಹಕ್ಕಿಯ ಮರಿಗಳನ್ನು ಎತ್ತಿಕೊಂಡಾಗ, ತಾಯಿಹಕ್ಕಿಯ ಒದ್ದಾಟ ಕಂಡು ಅವನ್ನು ವಾಪಸ್ ಇಡಿಸಿದ ಪ್ರವಾದಿಯವರ ಪ್ರಸಂಗ ಅಬೂದಾವೂದ್‌ನಲ್ಲಿದೆ. ಅವರು ಬೇಟೆಗಾರರೇನಲ್ಲ. ಚೆಂದ ಕಂಡಿತು, ಎತ್ತಿಕೊಂಡರು ಅಷ್ಟೇ ಇರಬೇಕು.

ಕೊನೆಗೆ ಮುದುಕರೇ ಹೊಲದವನಿಗೆ ಹೇಳಿ ಮಂದೆಯ ಪಕ್ಕದಲ್ಲಿ ನಮಗೂ ಜಾಗ ಮಾಡಿಸಿಕೊಟ್ಟರು. ಕುರಿಗಳ ಕೆಮ್ಮು, ನಾಯಿಗಳ ಬೊಗಳಾಟದಲ್ಲಿ ದೊಡ್ಡವರಿಗೆ ನಿದ್ದೆಯಿಲ್ಲ, ಮಕ್ಕಳಿಗೆ ಹಬ್ಬ. ಕರಡಿ ಮಾತ್ರ ಕಾಣಲಿಲ್ಲ. ತಂಗಿಯ ಗಂಡ ಇನ್ನೂ ಪೂರ್ತಿ ಒಪ್ಪಿಲ್ಲ. ಹೊಲದವನನ್ನಾದರೆ ಕೇಳಬಹುದು, ಕರಡಿಯನ್ನು ಕೇಳುವುದು ಹೇಗೆ ಎಂದು ಅವನು ಆ ರಾತ್ರಿ ಮುದುಕರನ್ನೇ ಕೆಣಕಿದ್ದ. ಅವರು ಬೀಡಿ ಹಚ್ಚುತ್ತಾ, “ಕೇಳೋದೇನೈತಿ ಸಾಬ್ರೇ. ಹೊತ್ತು ಮುಳುಗೋದ್ರೊಳಗೆ ಕುರಿಗೆ ನೀರು ಕುಡಿಸ್ಕೊಂಡು ನಾವು ಹೊಂಡ ಬಿಟ್ಟುಬಿಡ್ತೀವಿ” ಎಂದರು.