ಮೂರನೆಯ ಮಗುವಿನ ತಪ್ಪೇನು?

ಒಂದು ಮನೆಯಲ್ಲಿ ಮೂವರು ಮಕ್ಕಳಿದ್ದಾರೆಂದು ಭಾವಿಸಿರಿ. ಊಟದ ಹೊತ್ತಿಗೆ ಯಜಮಾನ ಮೊದಲ ಇಬ್ಬರ ತಟ್ಟೆಗೆ ಅನ್ನ ಬಡಿಸುತ್ತಾನೆ. ಮೂರನೆಯ ಮಗುವಿನ ಕಡೆಗೆ ತಿರುಗಿ, "ನಿನ್ನ ತಂದೆ ತಾಯಿ ಯೋಚಿಸಿ ನಿನ್ನನ್ನು ಹೆರಬೇಕಾಗಿತ್ತು, ನಿನಗೆ ಪಾಲಿಲ್ಲ" ಎನ್ನುತ್ತಾನೆ. ಅಂತಹ ಯಜಮಾನನನ್ನು ನೀವು ಏನೆಂದು ಕರೆಯುವಿರಿ? ಅವನ ಮನೆಯ ಹೊಸ್ತಿಲು ತುಳಿಯಲೂ ನೀವು ಹಿಂಜರಿಯುವಿರಿ. ಆದರೆ ಇದೇ ಮಾತನ್ನು ಒಂದು ಸರಕಾರ ಕಾಯಿದೆಯ ಭಾಷೆಯಲ್ಲಿ ಹೇಳಿದರೆ ಅದಕ್ಕೆ ಆರ್ಥಿಕ ಶಿಸ್ತು ಎಂಬ ಗೌರವದ ಹೆಸರು ಸಿಗುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಜಗತ್ತಿನ ಅತಿ ಶ್ರೀಮಂತ ದೇಶಗಳಲ್ಲೊಂದಾದ ಬ್ರಿಟನ್ನಿನಲ್ಲಿ ಇಂತಹದೊಂದು ನಿಯಮ ಜಾರಿಗೆ ಬಂತು. ಅಲ್ಲಿ ಕಡಿಮೆ ಆದಾಯದ ಕುಟುಂಬಗಳಿಗೆ ಪ್ರತಿ ಮಗುವಿನ ಲೆಕ್ಕದಲ್ಲಿ ಸರಕಾರ ಸಹಾಯಧನ ನೀಡುತ್ತದೆ. 2017ರ ಏಪ್ರಿಲ್ 6ರಂದು ಅಥವಾ ಅದರ ನಂತರ ಹುಟ್ಟಿದ ಮೂರನೆಯ ಮಗುವಿಗೂ ಅದರ ನಂತರದ ಮಕ್ಕಳಿಗೂ ಈ ಸಹಾಯವಿಲ್ಲವೆಂದು ಹೊಸ ನಿಯಮ ಹೇಳಿತು. ಎಲ್ಲ ಮಕ್ಕಳಿಗೂ ಸಿಗುವ ಒಂದು ಸಣ್ಣ ಭತ್ಯೆ ಮುಂದುವರಿಯಿತಾದರೂ, ಬಡ ಕುಟುಂಬಕ್ಕೆ ಆಧಾರವಾಗಿದ್ದ ದೊಡ್ಡ ಮೊತ್ತ ನಿಂತುಹೋಯಿತು. ಹೀಗೆ ಕೈತಪ್ಪಿದ ಹಣ ಇತ್ತೀಚಿನ ವರ್ಷಗಳಲ್ಲಿ ಒಂದು ಮಗುವಿಗೆ ವರ್ಷಕ್ಕೆ ಸುಮಾರು 3,500 ಪೌಂಡುಗಳಷ್ಟಿತ್ತು. 2024ರ ಹೊತ್ತಿಗೆ ಈ ನಿಯಮದ ಬಿಸಿ ತಟ್ಟಿದ ಮನೆಗಳಲ್ಲಿ ಸುಮಾರು 16 ಲಕ್ಷ ಮಕ್ಕಳಿದ್ದರು.

ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬಹುದು: ಬ್ರಿಟನ್ ಕಲ್ಯಾಣ ರಾಷ್ಟ್ರವಲ್ಲವೇ? ಅಲ್ಲಿ ಬಡವರೆಲ್ಲಿಂದ ಬಂದರು? ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಸೀಬೋಮ್ ರೌನ್‌ಟ್ರೀ ಎಂಬವರು ಯಾರ್ಕ್ ನಗರದ ಬಡವರ ಸ್ಥಿತಿಯನ್ನು ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡಿಸಿ 1901ರಲ್ಲಿ ವರದಿ ಪ್ರಕಟಿಸಿದರು. ಬಡತನಕ್ಕೆ ಸೋಮಾರಿತನವೇ ಕಾರಣವೆಂದು ನಂಬಿದ್ದ ಸಮಾಜಕ್ಕೆ, ದುಡಿಯುವವನ ಕೂಲಿಯೇ ಸಾಲುವುದಿಲ್ಲವೆಂಬುದನ್ನು ಅವರು ತೋರಿಸಿಕೊಟ್ಟರು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ವಿಲಿಯಂ ಬೆವರಿಜ್ ತಮ್ಮ ಪ್ರಸಿದ್ಧ ವರದಿಯಲ್ಲಿ ಇಲ್ಲದಿಕೆ, ರೋಗ, ಅಜ್ಞಾನ, ಕೊಳಕು ಮತ್ತು ನಿರುದ್ಯೋಗ ಎಂಬ ಐದು ರಾಕ್ಷಸರನ್ನು ಸೋಲಿಸಬೇಕೆಂದು ಕರೆಯಿತ್ತರು. ಮಕ್ಕಳ ಭತ್ಯೆಗಾಗಿ ಎಲೀನರ್ ರಾತ್‌ಬೋನ್ ಎಂಬ ಮಹಿಳೆ ದಶಕಗಳ ಕಾಲ ಹೋರಾಡಿದರು. ಹಣ ನೇರವಾಗಿ ತಾಯಿಯ ಕೈಗೇ ಸೇರಬೇಕೆಂದು ಪಟ್ಟು ಹಿಡಿದವರೂ ಅವರೇ. ಫಲವಾಗಿ 1946ರಿಂದ ಪ್ರತಿ ಮಗುವಿಗೆ ವಾರಕ್ಕೆ 5 ಶಿಲ್ಲಿಂಗ್ ಸಿಗತೊಡಗಿತು. ಆದರೆ ಮೊದಲ ಮಗುವಿಗೆ ಮಾತ್ರ ಅದು ಸಿಗುತ್ತಿರಲಿಲ್ಲ. ಏಕೆ ಗೊತ್ತೇ? ತಂದೆಯ ಕೂಲಿಯಲ್ಲಿ ಒಂದು ಮಗುವನ್ನಾದರೂ ಸಾಕಬಹುದು, ಮಕ್ಕಳು ಹೆಚ್ಚಿದಂತೆ ಮನೆಯ ಕಷ್ಟ ಹೆಚ್ಚುತ್ತದೆ, ಆದುದರಿಂದ ನೆರವು ಎರಡನೆಯ ಮಗುವಿನಿಂದ ಆರಂಭವಾಗಲಿ ಎಂಬುದು ಅಂದಿನವರ ತರ್ಕವಾಗಿತ್ತು.

ಈಗ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಯುದ್ಧದಿಂದ ಜರ್ಜರಿತವಾಗಿ, ಸಾಲದಲ್ಲಿ ಮುಳುಗಿ, ಪಡಿತರ ಚೀಟಿಯಲ್ಲಿ ದಿನ ದೂಡುತ್ತಿದ್ದ ದೇಶ ಎರಡನೆಯ ಮಗುವಿನಿಂದ ನೆರವನ್ನು ಆರಂಭಿಸಿತು. ಅದಕ್ಕಿಂತ ಎಷ್ಟೋ ಪಾಲು ಶ್ರೀಮಂತವಾದ ಅದೇ ದೇಶ 70 ವರ್ಷಗಳ ನಂತರ ನೆರವನ್ನು ಎರಡನೆಯ ಮಗುವಿನೊಂದಿಗೇ ನಿಲ್ಲಿಸಿತು. ಈ ಅವಧಿಯಲ್ಲಿ ದೇಶದ ಬೊಕ್ಕಸ ಬರಿದಾಗಿರಲಿಲ್ಲ. ಬದಲಾದುದು ಬಡವನನ್ನು ನೋಡುವ ಕಣ್ಣು.

2023-24ರ ಸರಕಾರಿ ಲೆಕ್ಕದ ಪ್ರಕಾರ, ವಸತಿ ವೆಚ್ಚ ಕಳೆದ ಮೇಲೆ, ಬ್ರಿಟನ್ನಿನಲ್ಲಿ ಸುಮಾರು 45 ಲಕ್ಷ ಮಕ್ಕಳು ಬಡತನದಲ್ಲಿದ್ದರು. ಅಂದರೆ ನೂರಕ್ಕೆ 31 ಮಕ್ಕಳು. ದೇಶದ ನಡುಮಟ್ಟದ ಆದಾಯದ ಶೇ. 60ಕ್ಕಿಂತ ಕಡಿಮೆ ಆದಾಯವುಳ್ಳ ಮನೆಯನ್ನು ಅಲ್ಲಿ ಬಡ ಮನೆಯೆಂದು ಲೆಕ್ಕ ಹಾಕುತ್ತಾರೆ.

"ಅಲ್ಲಿನ ಬಡವನ ಮನೆಯಲ್ಲಿ ಟಿ.ವಿ. ಇದೆ, ಫ್ರಿಜ್ ಇದೆ. ಅದೂ ಒಂದು ಬಡತನವೇ?" ಎಂದು ಕೆಲವರು ನಗುವುದುಂಟು. ಈ ಪ್ರಶ್ನೆಗೆ ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್ 1776ರಲ್ಲೇ ಉತ್ತರಿಸಿದ್ದಾನೆ. ಪ್ರಾಚೀನ ಗ್ರೀಕರು, ರೋಮನರು ನಾರುಬಟ್ಟೆಯ ಅಂಗಿ ಇಲ್ಲದೆಯೇ ಸುಖವಾಗಿ ಬಾಳಿದರು. ಆದರೆ ತನ್ನ ಕಾಲದ ಕೂಲಿಕಾರ ಆ ಅಂಗಿಯಿಲ್ಲದೆ ನಾಲ್ಕು ಜನರ ಮುಂದೆ ಬರಲು ನಾಚುತ್ತಾನೆ, ಆದುದರಿಂದ ಅದು ಅವನಿಗೆ ಅಗತ್ಯ ವಸ್ತುವೇ ಎಂಬುದು ಅವನ ವಾದ. ಬಡತನವೆಂದರೆ ಬರೀ ಹೊಟ್ಟೆಯ ಹಸಿವಲ್ಲ, ತಲೆಯೆತ್ತಿ ನಡೆಯಲಾಗದ ಸ್ಥಿತಿಯೂ ಬಡತನವೇ. ಸಹಪಾಠಿಯ ಹುಟ್ಟುಹಬ್ಬಕ್ಕೆ ಕರೆ ಬಂದಾಗ ಉಡುಗೊರೆಗೆ ಹಣವಿಲ್ಲದೆ ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿಯುವ ಮಗುವಿನ ನೋವನ್ನು ಯಾವ ತಕ್ಕಡಿಯಲ್ಲಿ ತೂಗುವಿರಿ?

ಇನ್ನು ಕೆಲವೊಮ್ಮೆ ಅದು ಪ್ರಾಣವನ್ನೇ ತೆಗೆಯುತ್ತದೆ. 2020ರ ಡಿಸೆಂಬರಿನಲ್ಲಿ ರಾಚ್‌ಡೇಲ್ ಎಂಬ ಊರಿನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ತೇವದ ಗೋಡೆಗಳಲ್ಲಿ ಬೆಳೆದ ಬೂಷ್ಟನ್ನು ದೀರ್ಘಕಾಲ ಉಸಿರಾಡಿದ್ದೇ ಅದಕ್ಕೆ ಕಾರಣವೆಂದು 2022ರಲ್ಲಿ ವಿಚಾರಣೆಯಿಂದ ಸ್ಪಷ್ಟವಾಯಿತು. ಕುಟುಂಬ ಮೊದಲೇ ದೂರು ಕೊಟ್ಟಿತ್ತು. ಬಾಡಿಗೆ ಮನೆಗಳ ದುರಸ್ತಿಗೆ ಸಂಬಂಧಿಸಿ ಆ ಮಗುವಿನ ಹೆಸರಿನಲ್ಲೇ ಈಗ ಅಲ್ಲಿ ಕಾಯಿದೆಯಿದೆ. ಕಾಯಿದೆಗೆ ಹೆಸರು ಕೊಡಲು ಒಂದು ಮಗು ಸಾಯಬೇಕಾಯಿತು.

ಇಲ್ಲಿ ನ್ಯಾಯದ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸೋಣ. ಎರಡು ಮಕ್ಕಳ ಮಿತಿಯನ್ನು ತಂದವರ ವಾದ ಹೀಗಿತ್ತು: ಸ್ವಂತ ದುಡಿಮೆಯಲ್ಲಿ ಬದುಕುವ ಗಂಡ ಹೆಂಡತಿ ಇನ್ನೊಂದು ಮಗು ಬೇಕೇ ಎಂದು ತಮ್ಮ ಕಿಸೆ ನೋಡಿ ನಿರ್ಧರಿಸುತ್ತಾರೆ. ಸರಕಾರದ ಸಹಾಯ ಪಡೆಯುವವರೂ ಹಾಗೆಯೇ ಮಾಡಲಿ. ತೆರಿಗೆ ಕೊಡುವವನ ಮೇಲೆ ಹೊರೆ ಹೊರಿಸುವುದು ಅನ್ಯಾಯವಲ್ಲವೇ?

ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹೆತ್ತವರಿಗೆ ಹೊಣೆಗಾರಿಕೆಯಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಈ ವಾದ ಮೂರು ಕಡೆ ಎಡವುತ್ತದೆ.

ಮೊದಲನೆಯದಾಗಿ, ಬದುಕು ಲೆಕ್ಕದ ಪುಸ್ತಕದಂತೆ ನಡೆಯುವುದಿಲ್ಲ. ಮೂರು ಮಕ್ಕಳು ಹುಟ್ಟಿದಾಗ ಕೈತುಂಬ ಸಂಪಾದಿಸುತ್ತಿದ್ದ ತಂದೆ ನಾಳೆ ಹಾಸಿಗೆ ಹಿಡಿಯಬಹುದು, ಕೆಲಸ ಕಳೆದುಕೊಳ್ಳಬಹುದು, ಸಾಯಲೂಬಹುದು. ಆಗ ಆ ವಿಧವೆ ಯಾವ ಮಗುವನ್ನು ಹಿಂದಕ್ಕೆ ಕೊಡಬೇಕು? ಎರಡನೆಯದಾಗಿ, ಸಹಾಯ ಪಡೆಯುವವರು ದುಡಿಯದವರೆಂಬ ಊಹೆಯೇ ತಪ್ಪು. ಅಲ್ಲಿನ ಬಡ ಮಕ್ಕಳಲ್ಲಿ ಹತ್ತರಲ್ಲಿ ಏಳು ಮಂದಿ, ಮನೆಯಲ್ಲಿ ಒಬ್ಬರಾದರೂ ದುಡಿಯುತ್ತಿರುವ ಕುಟುಂಬದವರು. ರೌನ್‌ಟ್ರೀ 1901ರಲ್ಲಿ ಕಂಡದ್ದು ಇಂದಿಗೂ ಸತ್ಯ. ಈ ನಿಯಮದಿಂದ ಜನನಗಳು ಇಳಿದವೇ ಎಂದು ಪರಿಶೀಲಿಸಿದ ಸಂಶೋಧಕರಿಗೆ ಅಂತಹ ಇಳಿಕೆ ಕಂಡದ್ದು ಅತ್ಯಲ್ಪ. ಅಂದರೆ ಬಹಳ ಮಟ್ಟಿಗೆ ಮಕ್ಕಳು ಹುಟ್ಟುತ್ತಲೇ ಇದ್ದರು, ಆದರೆ ಹೆಚ್ಚು ಬಡವರಾಗಿ ಹುಟ್ಟಿದರು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಹೆತ್ತವರು ತಪ್ಪೇ ಮಾಡಿದ್ದಾರೆಂದು ವಾದಕ್ಕಾಗಿ ಒಪ್ಪಿಕೊಳ್ಳೋಣ. ಶಿಕ್ಷೆ ಯಾರಿಗೆ? ತಪ್ಪು ಮಾಡಿದವರಿಗಲ್ಲ, ಆ ನಿರ್ಧಾರದಲ್ಲಿ ಒಂದು ಮಾತೂ ಆಡದ ಮಗುವಿಗೆ. ತಂದೆಯ ಅಪರಾಧಕ್ಕೆ ಮಗನನ್ನು ಜೈಲಿಗೆ ಕಳುಹಿಸುವ ನ್ಯಾಯಾಲಯ ಲೋಕದಲ್ಲಿಲ್ಲ. ಆದರೆ ತಂದೆಯ ಬಡತನಕ್ಕೆ ಮಗನನ್ನು ಹಸಿವಿಗೆ ಕಳುಹಿಸುವ ಕಾಯಿದೆಯನ್ನು ನಾವು ಸಹಿಸಿಕೊಳ್ಳುತ್ತೇವೆ. ಆ ನಿಯಮದಲ್ಲಿ ಒಂದು ರಿಯಾಯಿತಿಯೂ ಇತ್ತು. ಬಲಾತ್ಕಾರದಿಂದ ಹುಟ್ಟಿದ ಮಗುವಾಗಿದ್ದರೆ ಸಹಾಯ ಸಿಗಬಹುದಿತ್ತು. ಆದರೆ ತಾಯಿ ಅದನ್ನು ತಿಳಿಸಿ ಅರ್ಜಿ ಹಾಕಬೇಕಿತ್ತು! ಮಗುವಿನ ಹಾಲಿಗಾಗಿ ತಾಯಿ ತನ್ನ ಮಾನದ ಕಥೆಯನ್ನು ಕಚೇರಿಯ ಕಾಗದದಲ್ಲಿ ಬರೆಯಬೇಕಾದ ಸ್ಥಿತಿ ಬಂದರೆ, ಆ ಲೆಕ್ಕಾಚಾರದ ಬುಡದಲ್ಲೇ ಏನೋ ಕೊಳೆತಿದೆಯೆಂದು ತಿಳಿಯಬೇಕು.

ಸರಿ, ಸಹಾಯ ಮಾಡಲು ಹಣವೇ ಇಲ್ಲವೇ? ವಾಸ್ತವ ಹಾಗಿಲ್ಲ. ಅದೇ 2023-24ರಲ್ಲಿ ಬ್ರಿಟನ್ನಿನ ವೃದ್ಧರಲ್ಲಿ ಬಡವರು ಶೇ. 16 ಮಾತ್ರ. 2011ರಿಂದ, ಒಂದು ವರ್ಷ ಬಿಟ್ಟರೆ, ಬೆಲೆ ಏರಿಕೆ, ಸಂಬಳ ಏರಿಕೆ ಅಥವಾ ಶೇ. 2.5 ಇವುಗಳಲ್ಲಿ ಯಾವುದು ಹೆಚ್ಚೋ ಅದರಂತೆ ಅಲ್ಲಿ ಪಿಂಚಣಿ ಏರುತ್ತ ಬಂದಿದೆ. ದುಡಿಯುವ ವಯಸ್ಸಿನ ಬಡ ಕುಟುಂಬಗಳ ಹೆಚ್ಚಿನ ಸಹಾಯಧನವನ್ನಾದರೋ 2016ರಿಂದ ನಾಲ್ಕು ವರ್ಷ ಒಂದು ಪೈಸೆ ಏರಿಸದೆ ಹಾಗೆಯೇ ನಿಲ್ಲಿಸಲಾಯಿತು. ವೃದ್ಧರಿಗೆ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ಅದು ಸರಿಯಾದ ಕೆಲಸವೇ. ಆದರೆ ವೃದ್ಧರಿಗೆ ಮತವಿದೆ, ಮಕ್ಕಳಿಗೆ ಮತವಿಲ್ಲ ಎಂಬುದನ್ನು ಗಮನಿಸದಿರಲು ಸಾಧ್ಯವೇ?

ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೂ ಸಾಕ್ಷಿಯಿದೆ. 1999ರಲ್ಲಿ ಪ್ರಧಾನಿ ಟೋನಿ ಬ್ಲೇರ್ 20 ವರ್ಷಗಳಲ್ಲಿ ಮಕ್ಕಳ ಬಡತನವನ್ನು ಕೊನೆಗೊಳಿಸುವುದಾಗಿ ಮಾತು ಕೊಟ್ಟರು. ಸಹಾಯಧನ ಹೆಚ್ಚಿತು, ಅಂದಿನ ಅಳತೆಯ ಪ್ರಕಾರ ಹತ್ತು ಹನ್ನೊಂದು ವರ್ಷಗಳಲ್ಲಿ ಬಡ ಮಕ್ಕಳ ಸಂಖ್ಯೆ ಸುಮಾರು 10 ಲಕ್ಷದಷ್ಟು ಇಳಿಯಿತು. ಆ ಗುರಿಯನ್ನು 2010ರಲ್ಲಿ ಕಾಯಿದೆಯಾಗಿಯೂ ಮಾಡಲಾಯಿತು. ನಂತರ ಬಂದ ಸರಕಾರ 2016ರಲ್ಲಿ ಆ ಗುರಿಗಳನ್ನೇ ಕಾಯಿದೆಯಿಂದ ತೆಗೆದುಹಾಕಿತು. ಅಮೆರಿಕದಲ್ಲಿ 2021ರಲ್ಲಿ ಒಂದು ವರ್ಷದ ಮಟ್ಟಿಗೆ ಮಕ್ಕಳ ಸಹಾಯಧನವನ್ನು ಹೆಚ್ಚಿಸಿ, ಆದಾಯವೇ ಇಲ್ಲದ ಮನೆಗಳಿಗೂ ಕೊಡಲಾಯಿತು. ಅಲ್ಲಿನ ಒಂದು ಅಧಿಕೃತ ಅಳತೆಯ ಪ್ರಕಾರ ಮಕ್ಕಳ ಬಡತನ ಶೇ. 5.2ಕ್ಕೆ ಇಳಿಯಿತು. ಯೋಜನೆಯನ್ನು ಮುಂದುವರಿಸಲಿಲ್ಲ. ಮರುವರ್ಷವೇ ಅದು ಶೇ. 12.4ಕ್ಕೆ ಹಾರಿತು. ಆ ಒಂದು ವರ್ಷದಲ್ಲಿ ಲಕ್ಷಾಂತರ ತಂದೆ ತಾಯಂದಿರು ದಿಢೀರನೆ ಸೋಮಾರಿಗಳಾದರೇ? ಇಲ್ಲ. ಕೊಡುವ ಕೈ ಹಿಂದೆ ಸರಿಯಿತು, ಅಷ್ಟೆ.

ಆದುದರಿಂದ ಶ್ರೀಮಂತ ದೇಶದಲ್ಲಿ ಮಗುವಿನ ಬಡತನ ಬರಗಾಲದಂತೆ ಆಕಾಶದಿಂದ ಬೀಳುವುದಲ್ಲ. ಅದು ಕೋಣೆಯೊಂದರಲ್ಲಿ ಕುಳಿತ ಹೊಟ್ಟೆ ತುಂಬಿದ ಮನುಷ್ಯರು ಕೈಗೊಳ್ಳುವ ತೀರ್ಮಾನ. ಅಸಮಾನತೆಯ ದೊಡ್ಡ ಕೇಡು ಇದೇ. ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಬೇರೆ ಬೇರೆ ಬೀದಿ, ಬೇರೆ ಬೇರೆ ಶಾಲೆಗಳಲ್ಲಿ ಬೆಳೆದ ಮೇಲೆ, ಒಬ್ಬನ ತಟ್ಟೆ ಇನ್ನೊಬ್ಬನ ಕಣ್ಣಿಗೆ ಬೀಳುವುದೇ ಇಲ್ಲ. ಕಾಣದ ಹಸಿವಿನ ಮೇಲೆ ನಿಯಮ ಬರೆಯುವುದು ಬಹಳ ಸುಲಭ.

ದಾನ ಈ ಕೊರತೆಯನ್ನು ತುಂಬಬಹುದಲ್ಲ ಎನ್ನುವಿರಾ? ದಾನಿಗಳು ಅಲ್ಲಿ ಕೈಕಟ್ಟಿ ಕುಳಿತಿಲ್ಲ. ಟ್ರಸಲ್ ಸಂಸ್ಥೆಯ ಆಹಾರ ಕೇಂದ್ರಗಳು 2023-24ರಲ್ಲಿ 31 ಲಕ್ಷ ಪೊಟ್ಟಣಗಳನ್ನು ಹಂಚಿದವು. ಅವುಗಳಲ್ಲಿ 11 ಲಕ್ಷಕ್ಕೂ ಹೆಚ್ಚು ಮಕ್ಕಳಿಗಾಗಿ. 2020ರ ಬೇಸಿಗೆ ರಜೆಯಲ್ಲಿ ಬಡ ಮಕ್ಕಳಿಗೆ ಊಟದ ಚೀಟಿ ಕೊಡಲು ಸರಕಾರ ಮೊದಲು ಒಪ್ಪಲಿಲ್ಲ. ಬಾಲ್ಯದಲ್ಲಿ ಸ್ವತಃ ಶಾಲೆಯ ಉಚಿತ ಊಟ ಉಂಡಿದ್ದ ಫುಟ್‌ಬಾಲ್ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್ ದನಿಯೆತ್ತಿದ ಮೇಲೆ ಅದು ಮಣಿಯಿತು. ಅವರ ಕೆಲಸ ಮೆಚ್ಚತಕ್ಕದ್ದೇ. ಆದರೆ ಒಬ್ಬ ಪ್ರಸಿದ್ಧನ ಕರುಣೆಯನ್ನು ಕಾದು ಕುಳಿತಿರಬೇಕಾದ ತುತ್ತು ಭಿಕ್ಷೆಯಾಗುತ್ತದೆ, ಹಕ್ಕಾಗುವುದಿಲ್ಲ. ಉಳ್ಳವನ ಸಂಪತ್ತಿನಲ್ಲಿ ಇಲ್ಲದವನಿಗೆ ಪಾಲಿದೆ ಎಂಬುದು ಝಕಾತ್‌ನ ಮೂಲಕ ನಮಗೆ ಎಳವೆಯಲ್ಲೇ ತಿಳಿದ ಪಾಠ. ಪಾಲು ಕೊಡುವವನು ಉಪಕಾರ ಮಾಡುವುದಿಲ್ಲ, ಸಾಲ ತೀರಿಸುತ್ತಾನೆ.

2025ರ ನವೆಂಬರಿನ ಬಜೆಟ್ಟಿನಲ್ಲಿ ಬ್ರಿಟಿಷ್ ಸರಕಾರ ಎರಡು ಮಕ್ಕಳ ಮಿತಿಯನ್ನು 2026ರ ಏಪ್ರಿಲ್‌ನಿಂದ ರದ್ದುಪಡಿಸುವುದಾಗಿ ಘೋಷಿಸಿತು. ಒಂದು ಕುಟುಂಬಕ್ಕೆ ಸಿಗುವ ಒಟ್ಟು ಸಹಾಯದ ಮೇಲೆ 2013ರಲ್ಲಿ ಹಾಕಿದ ಇನ್ನೊಂದು ಮಿತಿಯನ್ನು ಆ ಘೋಷಣೆ ಮುಟ್ಟಲಿಲ್ಲ. ಆದರೂ ತಪ್ಪು ತಿದ್ದಿಕೊಂಡುದು ಸಂತೋಷದ ವಿಷಯವೇ. ಆದರೆ 2017ರಲ್ಲಿ ಹುಟ್ಟಿದ ಮಗುವಿನ ಬಾಲ್ಯದ ಎಂಟು ವರ್ಷಗಳನ್ನು ಯಾವ ಬಜೆಟ್ ಹಿಂದಕ್ಕೆ ಕೊಡಬಲ್ಲದು?

ಕೊನೆಯದಾಗಿ ಒಂದು ಮಾತು. ಇದನ್ನು ಓದಿ, "ನೋಡಿ, ಪಾಶ್ಚಾತ್ಯರ ಹೃದಯ ಎಷ್ಟು ಕಠಿಣ" ಎಂದು ಪುಟ ಮಗುಚಿಬಿಡಬೇಡಿರಿ. ಬೆವರಿಜ್, ರಾತ್‌ಬೋನ್ ಕೂಡ ಅವರ ನಡುವಿನಿಂದಲೇ ಬಂದವರು. ನಮ್ಮನ್ನು ನಾವು ಕೇಳಿಕೊಳ್ಳೋಣ. ಬಡವಳೊಬ್ಬಳು ಮಕ್ಕಳನ್ನು ಕರಕೊಂಡು ಬಾಗಿಲಿಗೆ ಬಂದಾಗ ನಮ್ಮ ಬಾಯಿಂದ ಬರುವ ಮೊದಲ ಮಾತೇನು? "ಸಾಕಲಾಗದಿದ್ದರೆ ಇಷ್ಟು ಯಾಕೆ ಹೆತ್ತೆ?" "ಗಂಡ ಕುಡಿಯುತ್ತಾನೆಯೇ?" "ದುಡಿಯಲು ಏನು ದಾಡಿ?" ಇವನ್ನು ನಾವು ಮಕ್ಕಳ ಎದುರಿನಲ್ಲೇ ಕೇಳುತ್ತೇವೆ. ತಾಯಿ ತಲೆ ತಗ್ಗಿಸುವುದನ್ನು ಆ ಮಕ್ಕಳು ನೋಡುತ್ತಿರುತ್ತಾರೆ. ಬ್ರಿಟನ್ನಿನ ಸಂಸತ್ತು ಕಾಯಿದೆಯಲ್ಲಿ ಬರೆದುದನ್ನೇ ನಾವು ನಮ್ಮ ಹೊಸ್ತಿಲಲ್ಲಿ ನಿಂತು ಬಾಯಲ್ಲಿ ಆಡುತ್ತಿದ್ದೇವೆ.

ಹೆತ್ತವರಿಗೆ ಬುದ್ಧಿ ಹೇಳಬೇಕಾದರೆ ಮತ್ತೊಂದು ದಿನ, ಮಕ್ಕಳಿಲ್ಲದಾಗ, ಬದಿಗೆ ಕರೆದು ಹೇಳಿರಿ. ಮೊದಲು ಮಗುವಿಗೆ ಉಣಬಡಿಸಿರಿ.