ಭಾವವಿಲ್ಲದ ದಿನದ ಪೂಜೆ

ವ್ರತವನ್ನು ಕೈಗೊಳ್ಳುವುದು ಒಂದು ದಿನದ ಕಾರ್ಯ. ಅದನ್ನು ಪಾಲಿಸುವುದು ಪ್ರತಿದಿನದ ಕಾರ್ಯ. ಉಪವಾಸ, ಸ್ವಾಧ್ಯಾಯ, ಮೌನ ಮೊದಲಾದ ನಿಯಮಗಳಿಗೆ ಈ ಮಾತು ಎಷ್ಟು ಸಲ್ಲುವುದೋ, ಮನೆಯಲ್ಲಿ ನಡೆಯುವ ನಿತ್ಯಪೂಜೆಗೂ ಅಷ್ಟೇ ಸಲ್ಲುವುದು. ಕೈಗೊಂಡ ಹೊಸತರಲ್ಲಿ ಉತ್ಸಾಹವೇ ನಿಯಮವನ್ನು ಹೊತ್ತು ನಡೆಯುತ್ತದೆ. ಉತ್ಸಾಹವು ಇಳಿದ ದಿನ ಆ ನಿಯಮವು ಯಾವ ಆಧಾರದ ಮೇಲೆ ನಿಲ್ಲಬೇಕೆಂಬುದು ವಿಚಾರಮಾಡಬೇಕಾದ ಪ್ರಶ್ನೆ.

ಹಿಂದೂ ಮನೆತನಗಳಲ್ಲಿ ಈ ಪ್ರಶ್ನೆ ಇಂದು ಹೊಸ ರೂಪದಲ್ಲಿ ತಲೆದೋರಿದೆ. ಅವಿಭಕ್ತ ಕುಟುಂಬದಲ್ಲಿ ಪೂಜೆಯನ್ನು ಯಾರೂ ಪ್ರತ್ಯೇಕವಾಗಿ ಕಲಿಯುತ್ತಿರಲಿಲ್ಲ. ಅಜ್ಜನು ಪೂಜೆಗೆ ಕುಳಿತಾಗ ಮಕ್ಕಳು ಹೂ ಬಿಡಿಸಿ ತಂದು, ಗಂಧ ತೇಯ್ದು ಕೊಟ್ಟು, ಮಂಗಳಾರತಿಯ ವೇಳೆಗೆ ಗಂಟೆ ಬಾರಿಸಿ, ಕಲಿಯುತ್ತಿದ್ದೇವೆಂಬ ಅರಿವಿಲ್ಲದೆಯೇ ಕಲಿಯುತ್ತಿದ್ದರು. ಈಗ ಅನೇಕರ ಪಾಲಿಗೆ ಆ ಪರಂಪರೆಯ ಎಳೆ ಕಡಿದಿದೆ. ತಂದೆ ತೀರಿಕೊಂಡ ಮೇಲೆ ದೇವರ ಪೆಟ್ಟಿಗೆಯು ಪೂಜಾವಿಧಿಯನ್ನರಿಯದ ಮಗನ ಕೈಸೇರುತ್ತದೆ. ಪೂಜೆಯ ರೂಢಿಯೇ ಇಲ್ಲದ ಮನೆಯಲ್ಲಿ ಬೆಳೆದವರು ನಡುವಯಸ್ಸಿನಲ್ಲಿ ಅದನ್ನು ಬಯಸುತ್ತಾರೆ. ಇಂತಹವರು ಒಂದು ಪೂಜಾವಿಧಿಯ ಪುಸ್ತಕವನ್ನು ತಂದು, ಶುಭದಿನ ನೋಡಿ ಆರಂಭಿಸುತ್ತಾರೆ. ಕೆಲವು ವಾರಗಳು ಚೆನ್ನಾಗಿ ನಡೆಯುತ್ತದೆ. ಅನಂತರ ಒಂದು ಬೆಳಿಗ್ಗೆ ಕೈ ಹೂವನ್ನು ಏರಿಸುತ್ತಿರುವಾಗಲೇ ಮನಸ್ಸು ಸಾಲದ ಲೆಕ್ಕದಲ್ಲಿಯೋ ಕಚೇರಿಯ ಜಗಳದಲ್ಲಿಯೋ ಇರುವುದು ತಿಳಿದುಬರುತ್ತದೆ. ಆಗ ಹುಟ್ಟುವ ಶಂಕೆ ಇದು: ಭಾವವಿಲ್ಲದೆ ಕೈಯಾಡಿಸುವುದು ವಂಚನೆಯಲ್ಲವೆ? ವಂಚನೆಯಾದರೆ ಪೂಜೆಯನ್ನು ನಿಲ್ಲಿಸುವುದೇ ಪ್ರಾಮಾಣಿಕತೆಯಲ್ಲವೆ?

ಇದು ಅನ್ಯರ ಮನೆಯ ಪ್ರಶ್ನೆಯೆಂದು ಜೈನ ವಾಚಕರು ಬದಿಗಿಡುವಂತಿಲ್ಲ. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆ ಮನೆತನದ ಆಡಳಿತದಲ್ಲಿ ಮಂಜುನಾಥಸ್ವಾಮಿಗೆ ಮಾಧ್ವ ಅರ್ಚಕರು ಪೂಜೆ ಸಲ್ಲಿಸುತ್ತ ಬಂದಿರುವುದನ್ನು ಕನ್ನಡ ನಾಡು ಬಲ್ಲದು. ನೆರೆಯವರ ಆರಾಧನೆಯನ್ನು ಗೌರವದಿಂದ ಅರಿಯುವುದು ಇಲ್ಲಿಯ ಹಳೆಯ ನಡವಳಿಕೆ. ಮೇಲಾಗಿ, ನಿಯಮಕ್ಕೂ ಭಾವಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆ ಸಾಮಾಯಿಕಕ್ಕೆ ಕುಳಿತ ಶ್ರಾವಕನನ್ನೂ ಕಾಡದೆ ಬಿಡುವುದಿಲ್ಲ.

ಮೊದಲು ಪೂಜೆಯ ಸ್ವರೂಪವನ್ನು ನೋಡಬೇಕು. ಆವಾಹನ, ಆಸನ, ಪಾದ್ಯ, ಅರ್ಘ್ಯ, ಆಚಮನ, ಸ್ನಾನ, ವಸ್ತ್ರ, ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ, ಪ್ರದಕ್ಷಿಣೆ, ನಮಸ್ಕಾರ ಮೊದಲಾದವು ಸೇರಿ ಷೋಡಶೋಪಚಾರವೆನಿಸುತ್ತವೆ. ಎಣಿಕೆಯಲ್ಲಿ ಸಂಪ್ರದಾಯಕ್ಕೆ ಸಂಪ್ರದಾಯಕ್ಕೆ ಅಲ್ಪ ವ್ಯತ್ಯಾಸವುಂಟು. ಇಷ್ಟಕ್ಕೆ ಅನುಕೂಲವಿಲ್ಲದವರಿಗೆ ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯಗಳೆಂಬ ಪಂಚೋಪಚಾರವಿದೆ. ಗಮನವಿಟ್ಟು ನೋಡಿದರೆ ಈ ಕ್ರಮವೆಲ್ಲ ಮನೆಗೆ ಬಂದ ಪೂಜ್ಯ ಅತಿಥಿಯ ಸತ್ಕಾರದ ಕ್ರಮವೇ ಆಗಿದೆ. ಕರೆಯುವುದು, ಕೂರಿಸುವುದು, ಕಾಲಿಗೆ ನೀರು ಕೊಡುವುದು, ಉಣಿಸುವುದು, ವಂದಿಸುವುದು. ಈ ಸಾಮ್ಯವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡತಕ್ಕದ್ದು.

ಹೊಸಬರ ನಿಯಮವು ಮುರಿಯುವುದಕ್ಕೆ ಮೊದಲನೆಯ ಕಾರಣ ಭಾವದ ಅಭಾವವಲ್ಲ, ಸಂಕಲ್ಪದ ಅತಿಶಯ. ಒಂದು ಗಂಟೆಯ ವಿಧಿಯನ್ನು ಮೊದಲ ದಿನವೇ ಹಿಡಿದವನು ಹತ್ತು ನಿಮಿಷವೂ ಇಲ್ಲದ ದಿನ ಎಲ್ಲವನ್ನೂ ಬಿಡುತ್ತಾನೆ. ಸಾಲಿಗ್ರಾಮವಿರುವ ಮನೆಯಲ್ಲಿ ನಿತ್ಯಪೂಜೆ ತಪ್ಪಬಾರದೆಂಬ ಕಟ್ಟಳೆಯಿದೆ; ಆ ಕಟ್ಟಳೆಯನ್ನು ನಡೆಸಬಲ್ಲೆನೇ ಎಂದು ಯೋಚಿಸದೆ ಅದನ್ನು ತಂದಿಟ್ಟುಕೊಳ್ಳುವುದು ವಿವೇಕವಲ್ಲ. ಒಂದು ದೇವರ ಪಟವಾದರೂ ಸಾಕು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ಸ್ಥಾಪಿಸಿದ ಬಳಿಕ ಅಚ್ಚಾದ ದೇವರ ಪಟಗಳು ಸಾಮಾನ್ಯರ ಗೋಡೆಗಳಿಗೂ ಬಂದವು. ಅಭಿಷೇಕದ ಅಗತ್ಯವಿಲ್ಲದ ಆ ಪಟದ ಮುಂದೆ ಒಂದು ದೀಪ, ಒಂದು ಹೂ ಇಟ್ಟು ಕೈಮುಗಿದು ಅದನ್ನೇ ಪೂಜೆಯೆಂದು ನಡೆಸಿದ ಮನೆಗಳು ಅಸಂಖ್ಯ. ಪತ್ರ, ಪುಷ್ಪ, ಫಲ, ಜಲಗಳಲ್ಲಿ ಯಾವುದನ್ನು ಭಕ್ತಿಯಿಂದ ಕೊಟ್ಟರೂ ಸ್ವೀಕೃತವೆಂದು ಭಗವದ್ಗೀತೆಯ 9ನೆಯ ಅಧ್ಯಾಯದಲ್ಲಿಯೇ ಹೇಳಿದೆ.

ಮೀಮಾಂಸಾಶಾಸ್ತ್ರವು ಈ ವಿಷಯದಲ್ಲಿ ಸೂಕ್ಷ್ಮವಾದ ವಿವೇಚನೆಯನ್ನು ಮಾಡಿದೆ. ಜೈಮಿನಿಸೂತ್ರಗಳ 6ನೆಯ ಅಧ್ಯಾಯದ ನಿರ್ಣಯದಂತೆ, ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮವು ಎಲ್ಲ ಅಂಗಗಳಿಂದ ಪೂರ್ಣವಾಗಿರಬೇಕು. ಪ್ರತಿದಿನದ ಕರ್ತವ್ಯವಾದ ನಿತ್ಯಕರ್ಮವಾದರೋ ಶಕ್ತಿಯಿದ್ದಷ್ಟು ಅಂಗಗಳಿಂದ ಮಾಡಿದರೂ ಸಲ್ಲುತ್ತದೆ. ಇದರ ತಾತ್ಪರ್ಯ ಗಂಭೀರವಾದದ್ದು. ಫಲಕ್ಕಾಗಿ ಮಾಡುವವನು ಒಂದು ಬಗೆಯ ವ್ಯಾಪಾರಕ್ಕೆ ಇಳಿದಿರುವುದರಿಂದ ಪೂರ್ಣ ಬೆಲೆಯನ್ನು ತೆರಲೇಬೇಕು. ಕರ್ತವ್ಯವೆಂದು ಮಾಡುವವನಿಂದ ಕೇಳುವುದು ಅವನ ಶಕ್ತಿಯನ್ನಷ್ಟೆ. ಪೂಜೆಯ ಆರಂಭದಲ್ಲಿ ಹೇಳುವ ಸಂಕಲ್ಪದಲ್ಲಿಯೂ ದೊರೆತ ದ್ರವ್ಯಗಳಿಂದ, ಸಾಧ್ಯವಾದ ಉಪಚಾರಗಳಿಂದ, ಸಾಧ್ಯವಾದ ನಿಯಮದಿಂದ ಪೂಜಿಸುತ್ತೇನೆಂಬ ಅರ್ಥದ ಮಾತುಗಳು ಬರುತ್ತವೆ. ಅರ್ಪಿಸಲು ವಸ್ತ್ರವಿಲ್ಲದಿದ್ದರೆ ವಸ್ತ್ರದ ಬದಲಿಗೆ ಅಕ್ಷತೆ, ಆಭರಣವಿಲ್ಲದಿದ್ದರೆ ಆಭರಣದ ಬದಲಿಗೆ ಅಕ್ಷತೆ ಹಾಕುವ ಪದ್ಧತಿಯನ್ನು ಯಾರು ಕಂಡಿಲ್ಲ? ಬಡವನೂ ಪೂಜಿಸುವನೆಂಬುದನ್ನು ಮುಂಚಿತವಾಗಿಯೇ ಬಲ್ಲ ವಿಧಿಯಿದು.

ಎರಡನೆಯ ಅಡ್ಡಿ ಮಂತ್ರದ ಭಯ. ಸ್ವರಸಹಿತವಾದ ವೇದಮಂತ್ರಗಳನ್ನು ಗುರುಮುಖದಿಂದ ಕಲಿಯಬೇಕೆಂಬ ನಿಯಮವು ಸರಿಯಾದದ್ದೇ. ಆದರೆ ನಾಮಸ್ಮರಣೆಗೂ ಸ್ತೋತ್ರಪಾಠಕ್ಕೂ ದಾಸರ ಪದಗಳಿಗೂ ಆ ಕಟ್ಟು ಇಲ್ಲ. ತಿಳಿದ ಒಂದು ಕನ್ನಡದ ಹಾಡನ್ನು ತಾನೇ ಹಾಡುವುದು ಹೊಸಬನಿಗೆ ಒದಗುವ ದೃಢವಾದ ನೆಲೆ. ಇಂದು ಯಂತ್ರದಿಂದ ಮಂತ್ರವನ್ನು ನುಡಿಸಿ ತಾನು ಬೇರೆ ಕೆಲಸದಲ್ಲಿರುವ ರೂಢಿ ಬೆಳೆದಿದೆ. 1963ರಲ್ಲಿ ಹೊರಬಂದ ಎಂ. ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತದ ಧ್ವನಿಮುದ್ರಿಕೆಯು ಎಷ್ಟೋ ಮನೆಗಳ ಬೆಳಗನ್ನು ಪಾವನಗೊಳಿಸಿದೆ ಎಂಬುದು ನಿಜ. ಕೇಳಿ ಕಲಿಯುವವರಿಗೆ ಅಂತಹ ಸಾಧನಗಳು ದೊಡ್ಡ ಉಪಕಾರ. ಆದರೆ ಮನೆಯಲ್ಲಿ ಮಂತ್ರ ಕೇಳಿಬಂದಿತೆಂಬುದರಿಂದ ತನ್ನ ನಾಲಗೆ ನುಡಿದಂತೆ ಆಗುವುದಿಲ್ಲ. ತಪ್ಪುತಪ್ಪಾದರೂ ತಾನೇ ಹೇಳಿದ ಎರಡು ನಾಮಗಳಲ್ಲಿ ಹೇಳುವವನು ಇರುತ್ತಾನೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಪೂರ್ವಪಕ್ಷವು ದುರ್ಬಲವಾದದ್ದಲ್ಲ. ಕರ್ಮೇಂದ್ರಿಯಗಳನ್ನು ಬಿಗಿಹಿಡಿದು ಮನಸ್ಸಿನಲ್ಲಿ ವಿಷಯಗಳನ್ನೇ ಚಿಂತಿಸುವವನನ್ನು ಗೀತೆಯು 3ನೆಯ ಅಧ್ಯಾಯದಲ್ಲಿ ಮಿಥ್ಯಾಚಾರಿ ಎಂದು ಕರೆದಿದೆ. ಕನ್ನಡದ ಶರಣರೂ ದಾಸರೂ ಬರಿಯ ಬಾಹ್ಯಾಚಾರವನ್ನು ಕಠಿನವಾಗಿ ಖಂಡಿಸಿದ್ದಾರೆ. ಹೀಗಿರುವಾಗ ಮನಸ್ಸಿಲ್ಲದ ಪೂಜೆಯನ್ನು ಸಮರ್ಥಿಸುವುದು ಹೇಗೆ?

ಇಲ್ಲಿ ಎರಡು ಬೇರೆ ಸ್ಥಿತಿಗಳನ್ನು ಒಂದೆಂದು ತಿಳಿಯುವುದೇ ಭ್ರಾಂತಿಗೆ ಕಾರಣ. ಭಾವವು ಇಲ್ಲದಿರುವುದು ಒಂದು. ಇಲ್ಲದ ಭಾವವನ್ನು ಇದೆಯೆಂದು ತೋರಿಸುವುದು ಇನ್ನೊಂದು. ಶರಣರು ಮತ್ತು ದಾಸರು ಖಂಡಿಸಿದ್ದು ಎರಡನೆಯದನ್ನು. ಬಾಗಿದ ತಲೆಯ ಹಿಂದೆ ಕ್ರೌರ್ಯವನ್ನು, ಭಸ್ಮ-ನಾಮಗಳ ಹಿಂದೆ ಲೋಭವನ್ನು ಅಡಗಿಸಿದವನನ್ನು ಅವರು ಬಯಲಿಗೆಳೆದರು. ಮನಸ್ಸು ನಿಲ್ಲದೆ ಸಂಕಟಪಡುವವನನ್ನು ಅವರು ಹಳಿಯಲಿಲ್ಲ. ತಮ್ಮ ಮನಸ್ಸಿನ ಚಂಚಲತೆಯನ್ನು ಅವರೇ ಎಷ್ಟೋ ಕಡೆ ತೋಡಿಕೊಂಡಿದ್ದಾರೆ. ಮಿಥ್ಯಾಚಾರಿಗೆ ತನ್ನ ಶೂನ್ಯತೆಯು ನೋವುಂಟುಮಾಡುವುದಿಲ್ಲ, ಅನುಕೂಲವಾಗಿರುತ್ತದೆ. ಹೊಸಬನಿಗಾದರೋ ಅದೇ ನೋವು. ಆ ನೋವೇ ಅವನು ವಂಚಕನಲ್ಲವೆಂಬುದಕ್ಕೆ ಸಾಕ್ಷಿ.

ಲೌಕಿಕ ದೃಷ್ಟಾಂತವೊಂದರಿಂದ ಇದು ಸ್ಪಷ್ಟವಾಗುವುದು. ಹಾಸಿಗೆ ಹಿಡಿದ ತಾಯಿಯನ್ನು ಮಗಳು ಪ್ರತಿದಿನ ಎಬ್ಬಿಸಿ, ಮೈತೊಳೆದು, ಬಟ್ಟೆ ಬದಲಿಸಿ, ತುತ್ತಿಡುತ್ತಾಳೆ. ಪ್ರತಿದಿನವೂ ಅವಳ ಹೃದಯದಲ್ಲಿ ಪ್ರೀತಿ ಉಕ್ಕುತ್ತದೆಯೆ? ಇಲ್ಲ. ಕೆಲವು ದಿನ ದಣಿವು, ಕೆಲವು ದಿನ ಬೇಸರ, ಒಂದೊಂದು ದಿನ ಕೋಪವೂ ಬರುತ್ತದೆ. ಇಂದು ಪ್ರೀತಿಯಿಲ್ಲ, ಆದುದರಿಂದ ಇಂದು ಅನ್ನವಿಡುವುದು ಕಪಟವೆಂದು ಅವಳು ಕೈಕಟ್ಟಿ ಕುಳಿತರೆ ಅದನ್ನು ಪ್ರಾಮಾಣಿಕತೆಯೆಂದು ಯಾರೂ ಹೊಗಳಲಾರರು. ಬೇಸರದ ದಿನದಲ್ಲಿಯೂ ತಪ್ಪದ ತುತ್ತಿಗೇ ಜನರು ಪ್ರೀತಿಯೆಂಬ ಹೆಸರನ್ನು ಕೊಟ್ಟಿದ್ದಾರೆ. ಪೂಜೆಯು ಅತಿಥಿಸತ್ಕಾರದ ರೂಪದಲ್ಲಿರುವುದೂ ಇದಕ್ಕಾಗಿಯೇ ಇರಬಹುದು. ಬಂದ ಅತಿಥಿಗೆ ಆಸನ ಕೊಡುವ ಮುನ್ನ ಗೃಹಸ್ಥನು ತನ್ನ ಮನಸ್ಸು ಹೇಗಿದೆಯೆಂದು ನೋಡುತ್ತ ನಿಲ್ಲುವುದಿಲ್ಲ.

ಭಕ್ತಿಶಾಸ್ತ್ರವೂ ಮನಸ್ಸಿನ ಈ ದೌರ್ಬಲ್ಯವನ್ನು ಬಲ್ಲದು. ಗೀತೆಯ 12ನೆಯ ಅಧ್ಯಾಯದ 8ರಿಂದ 11ರ ವರೆಗಿನ ಶ್ಲೋಕಗಳಲ್ಲಿ ಮನಸ್ಸನ್ನು ಸ್ಥಿರವಾಗಿ ನಿಲ್ಲಿಸಲಾರದವನಿಗೆ ಅಭ್ಯಾಸವನ್ನೂ, ಅಭ್ಯಾಸಕ್ಕೂ ಶಕ್ತಿಯಿಲ್ಲದವನಿಗೆ ಭಗವದರ್ಥವಾದ ಕರ್ಮವನ್ನೂ, ಅದೂ ಆಗದವನಿಗೆ ಫಲತ್ಯಾಗವನ್ನೂ ಕ್ರಮವಾಗಿ ಹೇಳಿದೆ. ಮೇಲಿನ ಮೆಟ್ಟಿಲು ಹತ್ತಲಾರದವನನ್ನು ಹೊರಗಟ್ಟುವ ಮಾತು ಅಲ್ಲೆಲ್ಲಿಯೂ ಇಲ್ಲ. ಇನ್ನೂ ಹೆಚ್ಚಿನ ಸಂಗತಿಯೆಂದರೆ, ಪೂಜೆಯ ಕೊನೆಗೆ ಹೇಳುವ ಕ್ಷಮಾಪ್ರಾರ್ಥನೆಯು ಮಂತ್ರದಲ್ಲಿಯೂ ಕ್ರಿಯೆಯಲ್ಲಿಯೂ ಭಕ್ತಿಯಲ್ಲಿಯೂ ಉಂಟಾದ ಕೊರತೆಯನ್ನು ಒಪ್ಪಿಕೊಳ್ಳುತ್ತದೆ. ಐವತ್ತು ವರ್ಷ ಪೂಜೆ ಮಾಡಿದ ವೃದ್ಧ ಅರ್ಚಕನೂ ಅದನ್ನು ಹೇಳಿಯೇ ಏಳುತ್ತಾನೆ. ಹೊಸಬನು ಪೂಜೆಯನ್ನು ಬಿಡಲು ಕಾರಣವೆಂದು ಭಾವಿಸುವ ಭಕ್ತಿಯ ಕೊರತೆಯು ಪೂಜೆಯೊಳಗೇ ನಿವೇದಿಸತಕ್ಕ ವಸ್ತುವಾಗಿ ಸ್ಥಾನ ಪಡೆದಿದೆ. ಹೂವಿನೊಡನೆ ಅದನ್ನೂ ಒಪ್ಪಿಸಿ ಎದ್ದವನು ಯಾರನ್ನೂ ವಂಚಿಸಲಿಲ್ಲ.

ಆದರೆ ಇದು ಉದಾಸೀನತೆಗೆ ಅನುಮತಿಯಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸಾಮಾಯಿಕದ ಐದು ಅತಿಚಾರಗಳನ್ನು ಹೇಳುವಾಗ ಮನ, ವಚನ, ಕಾಯಗಳ ದುಷ್ಪ್ರಣಿಧಾನದೊಡನೆ ಅನಾದರವನ್ನೂ ಮರೆವನ್ನೂ ಎಣಿಸಿದೆ. ಮನಸ್ಸು ಅಲೆಯುವುದು ದೋಷವೇ, ಅದನ್ನು ಗುಣವೆನ್ನುವಂತಿಲ್ಲ. ಆದರೆ ಅತಿಚಾರವು ಬೇರೆ, ಅನಾಚಾರವು ಬೇರೆ. ಮೊದಲನೆಯದರಲ್ಲಿ ವ್ರತಕ್ಕೆ ಮಲಿನತೆ ತಗಲುತ್ತದೆ. ಎರಡನೆಯದರಲ್ಲಿ ವ್ರತವೇ ಇಲ್ಲವಾಗುತ್ತದೆ. ಬಟ್ಟೆಗೆ ಕೊಳೆ ತಗಲಿತೆಂದು ಅದನ್ನು ಬೆಂಕಿಗೆ ಹಾಕುವವರುಂಟೆ? ತೊಳೆಯುವುದು ವಿಹಿತ. ಅಲೆದ ಮನಸ್ಸನ್ನು ಮತ್ತೆ ಕರೆತರುವುದೇ ಆ ತೊಳೆಯುವಿಕೆ.

ಪೂಜೆ ತಪ್ಪಿಹೋದ ದಿನಗಳ ವಿಷಯವೂ ಇಷ್ಟೇ. ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸವು ದೃಢವಾಗುವುದೆಂದು ಪತಂಜಲಿ ಯೋಗಸೂತ್ರದ 1ನೆಯ ಪಾದದಲ್ಲಿದೆ. ಆದರೆ ಗೃಹಸ್ಥನ ಜೀವನದಲ್ಲಿ ಕಾಯಿಲೆ, ಪ್ರಯಾಣ, ಆಶೌಚಗಳು ಬಂದೇ ಬರುತ್ತವೆ. ಜನನ-ಮರಣಗಳ ಸೂತಕದಲ್ಲಿ ಪೂಜೆಯನ್ನು ನಿಲ್ಲಿಸಿ, ಶುದ್ಧಿಯ ಬಳಿಕ ಮತ್ತೆ ಆರಂಭಿಸುವ ಏರ್ಪಾಡು ಸಂಪ್ರದಾಯದಲ್ಲಿಯೇ ಇದೆ. ನಿಂತ ಪೂಜೆ ಮರಳಿ ನಡೆಯಬಹುದೆಂಬುದನ್ನು ಆ ಏರ್ಪಾಡು ಎಲ್ಲರಿಗೂ ಕಲಿಸುತ್ತದೆ. ಪ್ರಯಾಣದಲ್ಲಿರುವವನಿಗೆ ಮಾನಸಪೂಜೆಯಿದೆ. ಸೋಮಾರಿತನದಿಂದಲೇ ತಪ್ಪಿದರೂ, ಮರುದಿನ ಎರಡರಷ್ಟು ಮಾಡುವೆನೆಂಬ ದಂಡನೆಯನ್ನು ತನಗೆ ವಿಧಿಸಿಕೊಳ್ಳುವುದು ಹಿತವಲ್ಲ. ಆ ದಂಡನೆಯ ಭಾರಕ್ಕೆ ಅಂಜಿ ಮೂರನೆಯ ದಿನವೂ ತಪ್ಪುತ್ತದೆ. ಮರುದಿನ ಬಾಡಿದ ಹೂವನ್ನು ತೆಗೆದು, ಎಂದಿನಷ್ಟೇ ಮಾಡುವುದು ಸರಿಯಾದ ದಾರಿ. ಶ್ರದ್ಧೆಯಿದ್ದೂ ನಡುದಾರಿಯಲ್ಲಿ ಜಾರಿದವನ ಗತಿಯೇನೆಂದು ಅರ್ಜುನನು 6ನೆಯ ಅಧ್ಯಾಯದಲ್ಲಿ ಕಳವಳದಿಂದ ಕೇಳಿದಾಗ, ಒಳ್ಳೆಯದನ್ನು ಮಾಡಿದವನು ಕೆಡುವುದಿಲ್ಲವೆಂಬ ಅಭಯವೇ ಅವನಿಗೆ ದೊರೆಯಿತು.

ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಬಿಡಲಾಗದು. ಒಬ್ಬನ ನಿಯಮವು ಮನೆಯ ಉಳಿದವರಿಗೆ ಹೊರೆಯಾಗಬಾರದು. ಗಂಡನು ಪೂಜೆಗೆ ಕುಳಿತುಕೊಳ್ಳುವನೆಂದು ಹೆಂಡತಿಯು ನಸುಕಿನಲ್ಲೆದ್ದು ಪಾತ್ರೆ ಬೆಳಗಿ, ಹೂ ತಂದು, ನೈವೇದ್ಯ ಮಾಡಿ, ತಡವಾಯಿತೆಂದು ಬೈಸಿಕೊಂಡರೆ, ಆ ಪೂಜೆಯಲ್ಲಿ ನೊಂದದ್ದು ಒಂದು ಜೀವ. ದೇವರಿಗೆ ಮೃದುವಾಗಿ ನುಡಿದ ನಾಲಗೆ ಮನೆಯವರಿಗೆ ಕಠೋರವಾಗಿದ್ದರೆ ಮೇಲೆ ಹೇಳಿದ ಮಿಥ್ಯಾಚಾರದ ಮಾತು ಅಲ್ಲಿ ನಿಜವಾಗಿ ಸಲ್ಲುತ್ತದೆ. ತನ್ನ ಪೂಜೆಯ ಪಾತ್ರೆಯನ್ನು ತಾನೇ ತೊಳೆಯುವುದು ಹೊಸಬನಿಗೆ ಒಳ್ಳೆಯ ಮೊದಲ ಪಾಠ. ತಾನೇ ತೊಳೆಯಬಲ್ಲಷ್ಟು ಪಾತ್ರೆಗಳ ಪೂಜೆ ತನಗೆ ತಕ್ಕ ಪೂಜೆ.

ಜೈನರಿಗೂ ಹಿಂದೂ ಭಕ್ತರಿಗೂ ಇಲ್ಲಿರುವ ಭೇದವನ್ನು ಮರೆಮಾಚಬೇಕಾಗಿಲ್ಲ. ಭಕ್ತನು ತನ್ನ ದೇವರು ಪೂಜೆಯನ್ನು ಸ್ವೀಕರಿಸಿ ಅನುಗ್ರಹಿಸುವನೆಂದು ನಂಬುತ್ತಾನೆ. ವೀತರಾಗನಾದ ಜಿನನಿಗೆ ಪೂಜೆಯಿಂದ ಆಗಬೇಕಾದುದೇನೂ ಇಲ್ಲವಾದರೂ, ಅವನ ಗುಣಸ್ಮರಣೆಯು ಪೂಜಿಸುವವನ ಚಿತ್ತವನ್ನು ಶುದ್ಧಗೊಳಿಸುವುದೆಂದು ಸಮಂತಭದ್ರಾಚಾರ್ಯರು ಸ್ವಯಂಭೂಸ್ತೋತ್ರದ ವಾಸುಪೂಜ್ಯಸ್ತುತಿಯಲ್ಲಿ ನಿರೂಪಿಸಿದ್ದಾರೆ. ತತ್ತ್ವದಲ್ಲಿ ದಾರಿಗಳು ಬೇರೆ. ಆದರೂ ಪ್ರತಿದಿನ ಒಂದೇ ಸ್ಥಳದಲ್ಲಿ, ತನಗಿಂತ ಹಿರಿದಾದುದರ ಮುಂದೆ, ತನ್ನ ಕೊರತೆಯನ್ನರಿತು ತಲೆಬಾಗುವವನು ನಿಧಾನವಾಗಿ ಬೇರೆ ಮನುಷ್ಯನಾಗುತ್ತಾನೆಂಬುದನ್ನು ಎರಡು ದಾರಿಯವರೂ ಒಪ್ಪುತ್ತಾರೆ.

ಆದುದರಿಂದ ಪೂಜೆಯನ್ನು ಹೊಸದಾಗಿ ಹಿಡಿದ ನೆರೆಯವರು ಯಾರಾದರೂ ಮನಸ್ಸು ನಿಲ್ಲುತ್ತಿಲ್ಲವೆಂದು ಬೇಸರಪಟ್ಟರೆ, ಬಿಟ್ಟುಬಿಡಿರೆಂದು ಹೇಳುವುದು ಬೇಡ. ಇನ್ನೂ ಹೆಚ್ಚು ಮಾಡಿರೆಂದು ಹೇಳುವುದೂ ಬೇಡ. ಕಾಯಿಲೆಯ ದಿನದಲ್ಲಿಯೂ ಮಾಡಬಲ್ಲಷ್ಟನ್ನು ಮಾತ್ರ ನಿಯಮವಾಗಿಟ್ಟುಕೊಂಡು, ಉಳಿದದ್ದನ್ನು ಅನುಕೂಲವಿದ್ದಾಗಿನ ಸಂತೋಷಕ್ಕೆ ಬಿಡಿರೆಂದು ಹೇಳಬಹುದು. ಶ್ರಾವಕರು ತಮ್ಮ ಪರ್ವದಿನದ ಉಪವಾಸಕ್ಕೂ ನಿತ್ಯದ ಸಾಮಾಯಿಕಕ್ಕೂ ಇದೇ ಅಳತೆಯನ್ನು ಹಿಡಿದು ನೋಡುವುದು ಉಚಿತ. ಭಾವವು ಬಂದ ದಿನ ದೀಪ ಹಚ್ಚುವುದು ಯಾರಿಗೂ ಕಷ್ಟವಲ್ಲ. ಬಾರದ ದಿನವೂ ಹಚ್ಚಿದ ದೀಪದ ಮುಂದೆ ಕುಳಿತವನಿಗೆ, ಮುಂದೆಂದೋ ಅದು ಬಂದಾಗ, ಅದನ್ನು ಬರಮಾಡಿಕೊಳ್ಳಲು ಒಂದು ಸ್ಥಳವಾದರೂ ಸಿದ್ಧವಾಗಿರುತ್ತದೆ.